ಹುಣಸಿಗಿಡದ ಬಾವಿ ಎಲ್ಲಿ ಸಿಗುತ್ತದೆ?

ಮೊನ್ನೆ ಮೇಜಿನ ಡ್ರಾವರಿನಲ್ಲಿ ಸೂಜಿ ಹುಡುಕಲು ಹೋದವಳ ಕೈಗೆ ಆ ಕಪ್ಪು ಕನ್ನಡಕ ಸಿಕ್ಕಿತು. ಕಣ್ಣಿನ ಆಪರೇಷನ್ ಆದವರಿಗೆ ಆಸ್ಪತ್ರೆಯವರೇ ಕೊಡುತ್ತಾರಲ್ಲ, ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ಗೋಡೆ ಕಟ್ಟಿದಂಥದ್ದು. ಹಾಕಿಕೊಂಡು ಕನ್ನಡಿ ನೋಡಿದೆ. ಹಳೆಯ ಸಿನಿಮಾದಲ್ಲಿ ಬರುವ ಕಳ್ಳಸಾಗಣೆದಾರನ ಹೆಂಡತಿಯ ಹಾಗೆ ಕಂಡೆ. ನಮ್ಮವರು ಪೇಪರಿನಿಂದ ತಲೆ ಎತ್ತಿ, "ಮತ್ತ ಯಾಕ ಹಾಕ್ಕೊಂಡಿ ಅದನ್ನ? ತಗದ ಒಗಿ ಅತ್ಲಾಗ," ಎಂದರು. ಒಗೆಯಲು ಮನಸ್ಸು ಬರಲಿಲ್ಲ. ಸೆರಗಿನಿಂದ ಒರೆಸಿ ಅಲ್ಲೇ ಇಟ್ಟೆ. ಸೂಜಿ ಇನ್ನೂ ಸಿಕ್ಕಿಲ್ಲ.

"ಇತ್ತೀಚೆಗೆ ಏನು ಓದಿದಿರಿ, ನಮಗೂ ಒಂದೆರಡು ಹೆಸರು ಹೇಳಿ" ಎಂದು ಓದುಗರಾದ ನೀವು ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಆ ಉತ್ತರ ಈ ಕನ್ನಡಕದಿಂದಲೇ ಶುರುವಾಗಬೇಕು. ಸ್ವಲ್ಪ ಸುತ್ತು ಹಾದಿ. ಧಾರವಾಡದವರ ಮಾತು ನೆಟ್ಟಗೆ ಬಂದದ್ದು ಯಾವಾಗ, ನೀವೇ ಹೇಳಿ.

ಪುಸ್ತಕ ಹೇಳುವುದು ನನ್ನ ಹಳೆಯ ಚಟ. ಕೆಲವರಿಗೆ ಔಷಧ ಹೇಳುವ ಚಟ ಇರುತ್ತದೆ ನೋಡಿ, ಎದುರಿನವರು ಸೀನಿದರೆ ಸಾಕು, "ಹಿಪ್ಪಲಿ ಕುಟ್ಟಿ ಜೇನುತುಪ್ಪದಾಗ..." ಎಂದು ಶುರು ಮಾಡುತ್ತಾರೆ. ನನ್ನದು ಅದೇ ಜಾತಿ. ಸೊಸೆಯ ಜೊತೆ ಸರಿಬೀಳುತ್ತಿಲ್ಲ ಎಂದವರಿಗೆ ಒಂದು ಕಾದಂಬರಿ, ನಿದ್ದೆ ಬರುತ್ತಿಲ್ಲ ಎಂದವರಿಗೆ ಒಂದು ವಿಮರ್ಶೆಯ ಸಂಕಲನ. ಎಲ್ಲ ಊರಿನಲ್ಲೂ ಬಸ್ಸು ತಪ್ಪಿಸಿಕೊಳ್ಳುವ ಒಬ್ಬ ಮಹಾಶಯರು ಬರೆದ ಪ್ರವಾಸಕಥನವನ್ನಂತೂ ಎಷ್ಟು ಜನರಿಗೆ ದಾಟಿಸಿದೆನೋ, ಈಗ ಅದು ಯಾರ ಮನೆಯಲ್ಲಿದೆಯೋ ದೇವರೇ ಬಲ್ಲ. ಪುಣೆಯಲ್ಲಿ ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಬಂದ ಹೆಂಗಸರಿಗೆ ಸ್ಟೀಲಿನ ಬಟ್ಟಲೋ ಪ್ಲಾಸ್ಟಿಕ್ ಡಬ್ಬಿಯೋ ಕೊಟ್ಟು ಕಳಿಸುವ ರೂಢಿ. ಒಂದು ವರ್ಷ ನಾನು ನಮ್ಮ ಕಟ್ಟಡದ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಎಳ್ಳು-ಬೆಲ್ಲದ ಜೊತೆ ಒಂದೊಂದು ಪುಸ್ತಕ ಕೊಟ್ಟೆ. ಮುಂದಿನ ವರ್ಷ ಬಂದವರು ಕಡಿಮೆ.

ಈ ಚಟ ಹತ್ತಿದ್ದು ಧಾರವಾಡದ ನಮ್ಮ ಓಣಿಯಲ್ಲಿ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನು ಮಡಿಕೆ ಬಿಚ್ಚಿ ಓದುತ್ತಿದ್ದ ಮಕ್ಕಳು ನಾವು. ಶೇಂಗಾ ಅಣ್ಣನ ಪಾಲಿಗೆ ಹೋದರೂ ಚಿಂತೆಯಿರಲಿಲ್ಲ, ಕಾಗದಕ್ಕಾಗಿ ಕೂದಲು ಹಿಡಿದು ಜಗಳ. ಬಾಡಿಗೆಗೆ ಕೊಡುವ ಅಂಗಡಿಯಿಂದ ಅಕ್ಕ ತರುತ್ತಿದ್ದ ಕಾದಂಬರಿಗಳಿಗೆ ಎಷ್ಟೋ ಸಲ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಹರಿದು ಒಲೆ ಹೊತ್ತಿಸಿರುತ್ತಿದ್ದರು. ಆಗ ಅಕ್ಕ ಪುಸ್ತಕವನ್ನು ಮುಚ್ಚದೆ, ಹಾಳೆ ಇದ್ದ ಹಾಗೆಯೇ ಮುಂದೆ ಓದುತ್ತಿದ್ದಳು. ಅವಳು ಓದಿದ ಕೊನೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಕ್ಷಯ ಹಿಡಿದ ನಾಯಕಿ ಎದ್ದು ಕೂತು ಗಂಜಿ ಬೇಡುತ್ತಿದ್ದಳು. ದೊಡ್ಡವಳಾದ ಮೇಲೆ ಹಾಳೆ ಹರಿಯದ ಒಂದು ಪ್ರತಿ ಸಿಕ್ಕಿ, ಆ ನಾಯಕಿ ಸತ್ತೇಹೋದಳೆಂದು ತಿಳಿದಾಗ ನಾನು ಅಕ್ಕನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಮದುವೆಯಾಗಿ ಪುಣೆಗೆ ಬಂದ ಮೇಲೆ ಕನ್ನಡ ಪುಸ್ತಕಕ್ಕೆ ಬರ. ಊರಿಗೆ ಹೋದವರು ಬಂದವರು ಚೀಲದಲ್ಲಿ ತಂದರೇ ಉಂಟು. ರೊಟ್ಟಿಯ ಗಂಟು, ಚಟ್ನಿಪುಡಿ, ಪೇಡೆ, ಅದರ ಸಂದಿನಲ್ಲಿ ಒಂದು ಕಥಾಸಂಕಲನ. ಹೀಗಾಗಿ ನಮ್ಮ ಮನೆಯ ಪುಸ್ತಕಗಳಿಗೆಲ್ಲ ಶೇಂಗಾ ಚಟ್ನಿಯ ಘಮ. ತಿಂಗಳಿಗೊಮ್ಮೆ ವಿಮಾನ ನಗರದ ದೇಸಾಯಿ ಸರ್ ಮನೆಯಲ್ಲಿ ನಾವು ಕೆಲವು ಓದುವವರು ಸೇರುತ್ತೇವೆ. ದೇಸಾಯಿ ಸರ್ ಅಂದರೆ ವಿಜಯಪುರದವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಲ್ಲಿ ಪ್ರತಿಯೊಬ್ಬರೂ "ಈ ತಿಂಗಳು ಓದಿದ್ದು" ಎಂದು ಒಂದು ಪುಸ್ತಕ ಹೇಳಬೇಕು. ತಲೆಯ ಮೇಲೆ ವಿಮಾನ ಹಾದಾಗ ಮಾತಾಡುತ್ತಿದ್ದವರು ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುತ್ತಾರೆ, ಶಬ್ದ ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಾರೆ. ಹೊಸಬರು ಇದನ್ನು ನೋಡಿ ನಗುತ್ತಾರೆ, ಎರಡನೆಯ ಸಲಕ್ಕೆ ಅವರೂ ಕಲಿಯುತ್ತಾರೆ.

ಇಂಥವಳಿಗೆ ಕಣ್ಣು ಕೈಕೊಟ್ಟಿತು. ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಸೋಮಾರಿ. ಹೆಸರಿಗೆ ಕಣ್ಣು, ಕೆಲಸಕ್ಕಿಲ್ಲ. ಇಷ್ಟು ವರ್ಷ ಓದಿದ್ದೆಲ್ಲ ಬಲಗಣ್ಣೊಂದೇ. ಅದಕ್ಕೆ ಪೊರೆ ಬಂತು. ಪೊರೆ ತೆಗೆದರು, ಎಲ್ಲರಿಗೂ ಆಗುವ ಹಾಗೆ ನೆಟ್ಟಗಾಯಿತೆಂದುಕೊಂಡರೆ ಒಳಗೆ ಬಾವು ಕಾಣಿಸಿಕೊಂಡಿತು. ಹೀಗೂ ಕೆಲವರಿಗೆ ಆಗುತ್ತದಂತೆ, ಯಾರ ತಪ್ಪೂ ಅಲ್ಲ. "ಹನಿ ಬಿಡುತ್ತ ಕಾಯೋಣ. ಓದುವುದು, ಟಿವಿ, ಮೊಬೈಲು ಏನೂ ಬೇಡ," ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದೆ. ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಡಾಕ್ಟರು ಕೈ ತಟ್ಟಿದರೆ ನನಗೆ ಜೀವವೇ ಹೋಗುತ್ತದೆ. ಇರುವುದೊಂದು ಕಣ್ಣು, ಅದೂ ಓದದಿದ್ದರೆ ನಾನು ಮಾಡುವುದಾದರೂ ಏನು?

ಮೊದಲು ಓದಿ ಹೇಳಲು ಮುಂದೆ ಬಂದವರು ನಮ್ಮವರೇ. ಕಾರ್ಖಾನೆಯ ಲೆಕ್ಕ ಬರೆದು ನಿವೃತ್ತರಾದವರು, ಕಾದಂಬರಿಯನ್ನೂ ನೋಟೀಸಿನ ಹಾಗೆ ಓದಿದರು. "ಸದರಿ ಸಂಜೆ ಆಕೆ ಹಿತ್ತಲಿಗೆ ಬಂದಳು" ಎಂದಾಗ, "ಸದರಿ ಅಂತ ಬರದಾರೇನ್ರಿ?" ಎಂದು ಕೇಳಿದೆ. "ಇಲ್ಲ, 'ಆ ಸಂಜೆ' ಅಂತದ. ಎರಡೂ ಒಂದ ಅಲ್ಲೇನು?" ಎಂದರು. ಇನ್ನೊಂದು ಕಡೆ ಕಥೆ ಒಮ್ಮೆಲೇ ಹಿತ್ತಲಿನಿಂದ ರೈಲ್ವೆ ಸ್ಟೇಷನ್ನಿಗೆ ಹಾರಿತು. ನಡುವೆ ಏನಾಯಿತೆಂದು ಕೇಳಿದರೆ, "ಬರೇ ಗಿಡ ಬಳ್ಳಿ ಬೆಳದಿಂಗಳು ಅದ, ಎರಡು ಪುಟ ಬಿಟ್ಟೀನಿ." ಪಾಪ, ಪ್ರೀತಿಯಿಂದಲೇ ಮಾಡಿದ್ದು. ಅವರಿಗೆ ಹನಿ ಹಾಕುವ ಕೆಲಸವನ್ನು ಕಾಯಂ ಮಾಡಿ, ಓದುವ ಕೆಲಸದಿಂದ ಬಿಡುಗಡೆ ಕೊಟ್ಟೆ. ಹನಿಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ ಮಹರಾಯರು.

ಆಗ ಬಂದವರು ಪ್ರಮಿಳಾಬಾಯಿ. ಮಗರಪಟ್ಟಾದ ನಮ್ಮ ಟವರಿನಲ್ಲಿ ಸರಿಯಾಗಿ ನಮ್ಮ ಕೆಳಗಿನ ಮನೆ ಅವರದು. ಊರು ಗಡಿಯಾಚೆಯ ಅಕ್ಕಲಕೋಟೆ, ಪಾತ್ರೆ ಅಂಗಡಿಯ ಮನೆತನ. ಗಂಡನ ಸರಿಸಮ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಮಾಡಿದ ಹೆಂಗಸು, ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಮೊಣಕಾಲು ನೋವು, ಪಟ್ಟಿ ಬಿಗಿದುಕೊಂಡು, ಲಿಫ್ಟಿನಲ್ಲಿ ಬಂದು, ಕುರ್ಚಿಯ ಮೇಲೆ ತಾವು, ಸ್ಟೂಲಿನ ಮೇಲೆ ಕಾಲು. ಅವತ್ತೂ ಹಾಗೆ ಕೂತವರು ನನ್ನ ಮುಖ ನೋಡಿ, "ಅಗಬಾಯಿ, ಇದೇನ್ರಿ ಹಿಂಗ ಕುಂತೀರಿ ಮಾರಿ ಸಣ್ಣದು ಮಾಡಿ? ನನ್ನ ಹತ್ರ ಒಂದು ಮಸ್ತ ಕಾದಂಬರಿ ಅದ. ನಾಳಿಂದ ಓದಿ ಹೇಳ್ತೀನಿ. ಚಹಾ ಮಾತ್ರ ನಿಮ್ದು," ಎಂದರು.

ಪುಸ್ತಕದ ಹೆಸರು ಕೇಳಿದೆ. "ಹುಣಸಿಗಿಡದ ಬಾವಿ," ಎಂದರು. ಬರೆದವರು ಯಾರೆಂದರೆ, "ಯಾರೋ ಹೆಣ್ಣಮಗಳರಿ. ಹೆಸರು ತಗೊಂಡು ಏನ್ ಮಾಡ್ತೀರಿ, ಕಥಿ ಕೇಳ್ರಿ."

ಕೇಳಿದೆ. ಎಂಥ ಓದು ಅದು! ಪ್ರತಿ ಮಾತಿಗೂ ಮೊದಲು ಒಂದು ಚಿಕ್ಕ ತಡೆ, ಆಮೇಲೆ ಬಾಯಿತುಂಬ ಅಚ್ಚ ಗಡಿನಾಡಿನ ಕನ್ನಡ. ಎಷ್ಟು ಸವಿದು ಓದುತ್ತಾರಲ್ಲ ಎಂದುಕೊಂಡೆ. ಕಥೆ ದೊಡ್ಡದೇನಲ್ಲ. ಹೊಸದಾಗಿ ಮದುವೆಯಾದ ಹುಡುಗಿ, ಗಂಡನ ಮನೆಯ ಹಿಂದೆ ಹುಣಸೆ ಮರ, ಅದರ ಕೆಳಗೆ ಪಾತಾಳದಂಥ ಬಾವಿ. ಇಣುಕಿದರೆ ನೀರೇ ಕಾಣದು. ಹುಡುಗಿಗೆ ಅದನ್ನು ಕಂಡರೆ ಎದೆ ನಡುಗುತ್ತದೆ, ತವರಿಗೆ ಓಡಿಹೋಗಬೇಕೆನ್ನಿಸುತ್ತದೆ. ಪಕ್ಕದ ಮನೆಯ ಮುದುಕಿಯೊಬ್ಬಳು ದಿನಾ ಅದೇ ಬಾವಿಯಿಂದ ನೀರು ಸೇದುತ್ತಾಳೆ. ಇಷ್ಟೇ. ಆದರೆ ಆ ಮಾತುಗಳು! ಅತ್ತೆಯಂದಿರ ಕುಟುಕು, ಕಟ್ಟೆಯ ಮೇಲಿನ ಚಾಡಿ, ಎಲ್ಲ ಹಸಿಹಸಿಯಾಗಿ ಕಿವಿಗೆ ಬೀಳುತ್ತಿತ್ತು. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡು ಮಧ್ಯಾಹ್ನದ ಚಹಾದ ಹೊತ್ತಿಗಾಗಿ ಕಾಯತೊಡಗಿದೆ.

ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಬಾವು ಇಳಿದಿರಲಿಲ್ಲ. "ಓದುವಷ್ಟು ಬರುತ್ತದೆ ಅಂತ ಈಗಲೇ ಹೇಳಲಾರೆ," ಎಂದಿದ್ದರು. ಮಧ್ಯಾಹ್ನ ಪ್ರಮಿಳಾಬಾಯಿ ಬಂದಾಗ, "ಇವತ್ತು ಬ್ಯಾಡ್ರಿ," ಎಂದೆ. ಅವರು ಯಾವತ್ತು ಬೇಡ ಅಂದರೆ ಕೇಳಿದವರು? ಕಾಲನ್ನು ಸ್ಟೂಲಿನ ಮೇಲಿಟ್ಟು ಓದಿಯೇ ಓದಿದರು. ಹುಡುಗಿ ಬಾವಿಯ ಹತ್ತಿರ ನಿಂತು ಅಳುತ್ತಿದ್ದಾಳೆ. ಮುದುಕಿ ಬರುತ್ತಾಳೆ. ಬಂದು ಹೇಳುತ್ತಾಳೆ: "ಬಾವಿ ಆಳ ಅದ ಅಂತ ಅಂಜಬ್ಯಾಡ ಮಗಳ. ಹಗ್ಗಕ್ಕ ಇನ್ನೊಂದು ಹಗ್ಗ ಗಂಟು ಹಾಕು."

ನಾನು ಅತ್ತುಬಿಟ್ಟೆ. ಕಪ್ಪು ಕನ್ನಡಕದ ಅನುಕೂಲವೆಂದರೆ ಯಾರಿಗೂ ಕಾಣುವುದಿಲ್ಲ. ಆದರೆ ಮೂಗು ಸೊರಸೊರ ಎನ್ನುವುದು ಕೇಳುತ್ತದೆ. ಪ್ರಮಿಳಾಬಾಯಿ ಪುಸ್ತಕ ಮುಚ್ಚಿದರು. ತಾವೇ ಎದ್ದು, ಕುಂಟುತ್ತ ಹೋಗಿ, ಎರಡನೇ ಸಲ ಚಹಾ ಮಾಡಿ ತಂದರು. ಸಕ್ಕರೆ ವಿಪರೀತ ಹಾಕಿದ್ದರು, ನಾನು ಪೂರ್ತಿ ಕುಡಿದೆ. ಅವತ್ತಿನಿಂದ ಆ ಮಾತೇ ನನಗೆ ಆಧಾರ. ರಾತ್ರಿ ಹೆದರಿಕೆಯಾದರೆ, ಗಂಟು ಹಾಕು, ಗಂಟು ಹಾಕು ಎಂದುಕೊಳ್ಳುತ್ತಿದ್ದೆ.

ಆ ತಿಂಗಳು ಕನ್ನಡಕ ಹಾಕಿಕೊಂಡೇ ದೇಸಾಯಿ ಸರ್ ಮನೆಗೆ ಹೋದೆ. ಈಕೆ ಈ ಸಲವಾದರೂ ಬಾಯಿ ಮುಚ್ಚಿಕೊಂಡು ಕೂಡುತ್ತಾಳೆಂದು ಎಲ್ಲರೂ ನಂಬಿದ್ದರು. ನಾನು ಹುಣಸಿಗಿಡದ ಬಾವಿಯ ಬಗ್ಗೆ ಎರಡು ವಿಮಾನ ದಾಟುವಷ್ಟು ಹೊತ್ತು ಮಾತಾಡಿದೆ. ಗಡಿಭಾಗದ ಆಡುಮಾತನ್ನು ಇಷ್ಟು ಸಹಜವಾಗಿ ಕನ್ನಡ ಕಾದಂಬರಿಗೆ ತಂದವರು ಇನ್ನೊಬ್ಬರಿಲ್ಲ ಎಂದೆ. ಹಗ್ಗದ ಮಾತನ್ನು ಹೇಳಿದಾಗ ಕೂತವರೆಲ್ಲ "ವಾ!" ಎಂದರು. ದೇಸಾಯಿ ಸರ್ ಅಂತೂ ಒಂದು ಪ್ರತಿ ತರಿಸಿಯೇ ತೀರುತ್ತೇನೆಂದು ಹಟ ಹಿಡಿದರು.

ಆಮೇಲೆ ಅವರ ಫೋನುಗಳು ಶುರುವಾದವು. ಧಾರವಾಡದ ಅಂಗಡಿಯಲ್ಲಿ ಇಲ್ಲವಂತೆ. ಹುಬ್ಬಳ್ಳಿಯಲ್ಲಿ ಕೇಳಿಯೇ ಇಲ್ಲವಂತೆ. ಕಲಬುರ್ಗಿಯಲ್ಲಿರುವ ಅವರ ತಮ್ಮ ಅಂಗಡಿ ಅಂಗಡಿ ಸುತ್ತಿ ಬೈದುಕೊಂಡನಂತೆ. ಬೆಂಗಳೂರಿನವರು ಬೇರೆ ಯಾವುದೋ ಬಾವಿಯ ಪುಸ್ತಕ ಕಳಿಸಿದರಂತೆ, ಅದು ಮಳೆನೀರು ಇಂಗಿಸುವುದರ ಬಗ್ಗೆ. ಕಡೆಗೆ ದೇಸಾಯಿ ಸರ್ ಸಂಯಮ ಕಳೆದುಕೊಂಡು, "ಅಲ್ಲವ್ವಾ, ಆಪರೇಷನ್ ಕಣ್ಣಿಗೆ ಮಾಡ್ಯಾರೋ ತಲಿಗೋ? ಆ ಪುಸ್ತಕ ಭೂಮಿ ಮ್ಯಾಲೆ ಅದ ಏನು?" ಎಂದರು. ನನಗೂ ಉರಿಯಿತು. "ಅದ ಇಲ್ಲೋ ಕಣ್ಣಾರೆ ನೋಡುವಂತ್ರಿ," ಎಂದು ಫೋನಿಟ್ಟು, ಪ್ರಮಿಳಾಬಾಯಿಗೆ ಪುಸ್ತಕ ತರಲು ಹೇಳಿದೆ.

ಅಷ್ಟರಲ್ಲಿ ಬಾವು ಸ್ವಲ್ಪ ಇಳಿದು, ದಿನಕ್ಕೆ ಒಂದಿಷ್ಟು ಹೊತ್ತು ಕಪ್ಪು ಕನ್ನಡಕ ತೆಗೆಯಲು ಅಪ್ಪಣೆ ಸಿಕ್ಕಿತ್ತು. ದೊಡ್ಡ ಅಕ್ಷರ ನೋಡಬಹುದು, ಸಣ್ಣದಕ್ಕೆ ಅವಸರ ಬೇಡ ಎಂದಿದ್ದರು. ಪ್ರಮಿಳಾಬಾಯಿ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು. ಕಿಟಕಿಯ ಬೆಳಕಿಗೆ ಹಿಡಿದೆ. ಮುಖಪುಟದ ಮೇಲೆ ದೊಡ್ಡ ಅಕ್ಷರಗಳೇ ಇದ್ದವು. ಒಂದೂ ಓದಲು ಬರಲಿಲ್ಲ. ಗುಂಡಗಿರಬೇಕಾದ ಅಕ್ಷರಗಳೆಲ್ಲ ಕಡ್ಡಿಯ ಹಾಗೆ ನಿಂತಿವೆ, ತಲೆಯ ಮೇಲೆ ಉದ್ದಕ್ಕೆ ಒಂದು ಗೆರೆ. "ರೀ, ಬರ್ರಿ ಇಲ್ಲೆ! ನನಗ ಅಕ್ಷರ ಎಲ್ಲಾ ಸೊಟ್ಟ ಕಾಣ್ಲಿಕ್ಕತ್ಯಾವ! ಮ್ಯಾಲೆ ಗೆರಿ ಗೆರಿ ಕಾಣಸ್ತದ! ಹೋತು ಕಣ್ಣು!" ಎಂದು ಕೂಗಿಕೊಂಡೆ.

ನಮ್ಮವರು ಹನಿಯ ಬಾಟಲಿ ಹಿಡಿದೇ ಓಡಿ ಬಂದರು. ಪುಸ್ತಕ ನೋಡಿದರು. ನನ್ನನ್ನು ನೋಡಿದರು. "ಮರಾಠಿ ಅದಲ್ಲೇ ಅದು," ಎಂದರು.

ಪುಣೆಯಲ್ಲಿ ಅರ್ಧ ಆಯುಷ್ಯ ಕಳೆದು, ದಿನಾ ಬಸ್ಸಿನ ಬೋರ್ಡು ಓದಿದವಳು ನಾನು. ಕನ್ನಡವನ್ನೇ ಕಾಣುತ್ತೇನೆಂದು ಹೊರಟ ಕಣ್ಣಿಗೆ ಮರಾಠಿ ರೋಗದ ಹಾಗೆ ಕಂಡಿತು, ಏನು ಮಾಡಲಿ!

"ಮತ್ತೇನಂತ ತಿಳದಿದ್ರಿ?" ಎಂದರು ಪ್ರಮಿಳಾಬಾಯಿ, ನನಗಿಂತ ಹೆಚ್ಚು ಆಶ್ಚರ್ಯದಿಂದ. "ನನಗ ಕನ್ನಡ ಓದಾಕ ಎಲ್ಲಿ ಬರ್ತದರಿ? ನಮ್ದೆಲ್ಲಾ ಸಾಲಿ ಮರಾಠೀನ ಅಲ್ಲಾ. ಮನ್ಯಾಗ ನಮ್ಮಜ್ಜಿಗೆ ಮರಾಠಿ ತಿಳೀತಿದ್ದಿಲ್ಲ. ಪೇಪರ್ ಬರಲಿ, ದೇವರ ಪೋಥಿ ಬರಲಿ, ಕಣ್ಣಾಗ ಮರಾಠಿ ಓದಬೇಕು, ಬಾಯಾಗ ಕನ್ನಡ ಹೇಳಬೇಕು. ತಡಾ ಮಾಡಿದ್ರ ಅಜ್ಜಿ ಬೆನ್ನಿಗೊಂದು ಹಾಕ್ತಿದ್ಲು. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಹಿಂಗ. ಇದರಾಗ ಹೇಳೂದೇನದ?"

ಆ ಚಿಕ್ಕ ತಡೆಯ ಅರ್ಥ ಆಗ ಹೊಳೆಯಿತು. ಇನ್ನೊಂದೂ ಹೊಳೆಯಿತು. "ಹಂಗಾದ್ರ ನಾ ಸಂಕ್ರಾಂತಿಗೆ ಕೊಟ್ಟ ಪುಸ್ತಕಾ? ಭಾಳ ಛಲೋ ಅದ ಅಂದಿದ್ರಲ್ರೀ?"

"ಅಷ್ಟು ಪ್ರೀತಿಯಿಂದ ಕೊಟ್ರಿ. ಬರೂದಿಲ್ಲ ಅಂತ ಹ್ಯಾಂಗ ಅನ್ನೂದು? ದೇವರ ಮುಂದ ಇಟ್ಟು ಕುಂಕುಮ ಹಚ್ಚೀನಿ. ಛಲೋನ ಅದ."

ನಮ್ಮವರು ಸೋಫಾದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಹನಿಯ ಬಾಟಲಿ ಅವರಿಗೇ ಬೇಕಾಗಿತ್ತು. ದೇಸಾಯಿ ಸರ್‌ಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, "ಗಡಿಭಾಗದ ಆಡುಮಾತು ಕನ್ನಡ ಕಾದಂಬರಿಗೆ..." ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿದರು. ಇವತ್ತಿಗೂ ನಾನು ಯಾವ ಪುಸ್ತಕ ಹೇಳಿದರೂ "ಯಾವ ಭಾಷಾದ್ದವ್ವಾ?" ಎಂದು ಕೇಳಿಯೇ ಮುಂದೆ ಹೋಗುವುದು.

ಕಣ್ಣು ಬಂತು. ನಿಧಾನಕ್ಕೆ, ದಿನಕ್ಕೊಂದು ಪುಟ, ಆಮೇಲೆ ಎರಡು. ಹೊಸ ಚಷ್ಮಾ ಬಂದ ದಿನ ದೇವರಿಗೆ ದೀಪ ಹಚ್ಚಿದೆ, ಡಾಕ್ಟರಿಗೆ ಧಾರವಾಡದ ಪೇಡೆ ಕೊಟ್ಟೆ. ಮೊಟ್ಟಮೊದಲು ಓದಬೇಕೆನಿಸಿದ್ದು ಆ ಮರಾಠಿ ಕಾದಂಬರಿಯನ್ನೇ. ಬಸ್ಸಿನ ಬೋರ್ಡು ಓದುವ ಮರಾಠಿ ನನ್ನದು, ಕಾದಂಬರಿಗೆ ಏದುಸಿರು ಬಂತು. ಆದರೂ ತಡವರಿಸುತ್ತ ಆ ಜಾಗಕ್ಕೆ ಬಂದೆ. ಹುಡುಗಿ ಬಾವಿಯ ಹತ್ತಿರ ಅಳುತ್ತ ನಿಂತಿದ್ದಾಳೆ. ಮುದುಕಿ ಬರುತ್ತಾಳೆ. ಏನೂ ಮಾತಾಡದೆ ನೀರು ಸೇದುತ್ತಾಳೆ. ಕೊಡ ಎತ್ತಿಕೊಂಡು ಹೋಗುತ್ತಾಳೆ. ಮುಂದಿನ ಪುಟ ನೋಡಿದೆ, ಹಿಂದಿನದು ನೋಡಿದೆ. ಹಗ್ಗದ ಮಾತು ಎಲ್ಲೂ ಇಲ್ಲ.

ಮಧ್ಯಾಹ್ನ ಕೇಳಿದೆ. ಪ್ರಮಿಳಾಬಾಯಿಗೆ ಒಂದಿಷ್ಟೂ ನಾಚಿಕೆಯಿಲ್ಲ. "ಅವತ್ತು ನೀವು ಹಂಗ ಮಾರಿ ಮಾಡ್ಕೊಂಡು ಕುಂತಿದ್ರಿ. ಇಲ್ಲಿ ನೋಡಿದ್ರ ಈ ಮುದುಕಿ ಬಾಯಿ ಬಿಡವಲ್ಲಳು! ನನಗ ಸಿಟ್ಟು ಬಂತು. ಎದುರಿಗೆ ಹುಡುಗಿ ಅಳ್ತದ, ಎರಡು ಮಾತು ಆಡಿದ್ರ ಇಕಿ ಗಂಟೇನು ಹೋಗ್ತದ? ಅಕಿ ಆಡಲಿಲ್ಲ, ನಾ ಆಡಿದೆ," ಎಂದರು.

ಈ ಹೆಂಗಸಿಗೆ ನಾನು ಎಷ್ಟು ಋಣಿ ಎಂದು ಹೇಳಬೇಕೆಂದಿದ್ದೆ. "ಚಹಾ ಆರ್ತದ, ಕುಡೀರಿ," ಎಂದಷ್ಟೇ ಹೇಳಲು ಆಯಿತು.

ಆದ್ದರಿಂದ, ಓದುಗರೇ, ನಾನು ಹೇಳುವ ಪುಸ್ತಕ ಹುಣಸಿಗಿಡದ ಬಾವಿ. ಅಂಗಡಿಯಲ್ಲಿ ಕೇಳಿ ದೇಸಾಯಿ ಸರ್ ಹಾಗೆ ಬೈಸಿಕೊಳ್ಳಬೇಡಿ, ಸಿಗುವುದಿಲ್ಲ. ಪುಣೆಗೆ ಬಂದರೆ ನಮ್ಮಲ್ಲಿಗೆ ಬನ್ನಿ, ಕೆಳಗಿನ ಮನೆಯಿಂದ ಕರೆಸುತ್ತೇನೆ.

ಈಗ ಮಧ್ಯಾಹ್ನ ಓದುವ ಸರದಿ ನನ್ನದು. ಸಂಕ್ರಾಂತಿಗೆ ಕೊಟ್ಟಿದ್ದ ಆ ಕನ್ನಡ ಕಾದಂಬರಿಯನ್ನೇ, ಕುಂಕುಮದ ಬೊಟ್ಟಿನ ಸಮೇತ, ಪ್ರಮಿಳಾಬಾಯಿ ಹೊರಗೆ ತೆಗೆದಿದ್ದಾರೆ. ಅವರ ಮೊಣಕಾಲಿನ ಆಪರೇಷನ್ ಬರುವ ತಿಂಗಳು. "ನಂದೇನ್ರಿ, ಗಾಡಿ ಹಳೇದಾತು, ಪಾರ್ಟ್ ಬದಲಿ ಮಾಡಿದ್ರ ಆತು," ಎಂದು ಎಲ್ಲರ ಮುಂದೆ ನಗುತ್ತಾರೆ. ನನ್ನ ಮುಂದೆ ಮಾತ್ರ, "ಮತ್ತ ನಡಿಯಾಕ ಬರ್ತದಲ್ರೀ?" ಎಂದು ದಿನಾ ಒಮ್ಮೆ ಕೇಳುತ್ತಾರೆ. ನಾನೇನು ಡಾಕ್ಟರೇ? ಬರ್ತದ ಬರ್ತದ ಎನ್ನುತ್ತೇನೆ. ಅವರು ನಂಬುವುದಿಲ್ಲ.

ನಿನ್ನೆ ಓದುತ್ತಿದ್ದ ಅಧ್ಯಾಯದಲ್ಲಿ ಮನೆಯ ಹಿರಿಯ ಸೊಸೆ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾಳೆ. ಎಂದೋ ಓದಿದ ಪುಸ್ತಕ, ನನಗೆ ಮರೆತೇ ಹೋಗಿತ್ತು. ಪುಟ ತಿರುವಿದರೆ ಎದುರಿಗೇ ಇದೆ: "ಆಕೆ ಮತ್ತೆಂದೂ ಅಂಗಳಕ್ಕೆ ಇಳಿಯಲಿಲ್ಲ." ನಾನು ತಡೆದೆ. ಕಣ್ಣೆತ್ತಿ ನೋಡಿದೆ. ಪಟ್ಟಿ ಕಟ್ಟಿದ ಕಾಲು ಸ್ಟೂಲಿನ ಮೇಲಿತ್ತು, ಕೈ ಮೊಣಕಾಲಿನ ಮೇಲಿತ್ತು.

"ಯಾಕ ನಿಂತ್ರಿ?" ಎಂದರು.

"ಮಳೆಗಾಲ ಮುಗಿಯುವ ಹೊತ್ತಿಗೆ," ಎಂದು ಓದಿದೆ, "ಆಕೆ ತಾನೇ ಅಂಗಳಕ್ಕೆ ಇಳಿದು, ತುಳಸಿಗೆ ನೀರು ಹಾಕಿ, ಮೂರು ಸುತ್ತು ಬಂದಳು."

ಪ್ರಮಿಳಾಬಾಯಿ ಮೊಣಕಾಲಿನಿಂದ ಕೈ ತೆಗೆದರು. "ಹಂಗಂತ ಬರದಾರೇನ್ರಿ ಅದರಾಗ?"

"ಬರದಾರ."

ಕೈ ಚಾಚಿ ಪುಸ್ತಕ ಇಸಿದುಕೊಂಡರು. "ಎಲ್ಲೆ?"

ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಒಂದಕ್ಷರವೂ ತಿಳಿಯದ ಆ ಸಾಲನ್ನು, ಚಷ್ಮಾ ಸರಿಮಾಡಿಕೊಂಡು, ತಾವೂ ಬೆರಳಿಟ್ಟು, ಈ ಕೊನೆಯಿಂದ ಆ ಕೊನೆಯವರೆಗೆ ಮೆಲ್ಲಗೆ ಸವರಿದರು.

"ಭಾಳ ಛಲೋ ಬರದಾರ," ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಓದ್ರಿ ಮುಂದ."